ಹಿತ್ತಿಲ ನಲ್ಲಿ

ಮುಖ ತೊಳೆದು ಎದೆಗೆ ಬರುವಷ್ಟರಲ್ಲಿ ಬಕೆಟ್ಟಿನ ನೀರು ಮುಗಿಯಿತು. ಪಕ್ಕದ ಮನೆಯ ಇಸ್ತ್ರಿಯವಳು ಚೊಂಬನ್ನು ತಳಕ್ಕೆ ಒತ್ತಿ ಕೆರೆದು, ಸಿಕ್ಕಿದ ಗುಟುಕನ್ನು ನೀರಜ್ಜನ ಎದೆಯ ಮೇಲೆ ಹನಿಸಿ, ಸುತ್ತ ನಿಂತವರ ಮುಖ ನೋಡಿದಳು. ಆಯುಸ್ಸಿಡೀ ಊರಿನ ಮನೆಮನೆಗೆ ನೀರು ಬಿಟ್ಟ ಮನುಷ್ಯ ಇವತ್ತು ತನ್ನದೇ ಹಿತ್ತಿಲ ಚಪ್ಪಡಿಯ ಮೇಲೆ ಅರ್ಧ ನೆನೆದು ಅರ್ಧ ಒಣಗಿ ಮಲಗಿದ್ದ. ಅವನಿಗೆ ಬೇರೆ ಹೆಸರಿತ್ತು. ಆದರೆ ಊರಿಗೆ ಊರೇ ಕರೆಯುತ್ತಿದ್ದುದು ನೀರಜ್ಜ ಎಂದು; ಸಂಬಳದ ದಿನ ಆಫೀಸಿನಲ್ಲಿ ನಿಜವಾದ ಹೆಸರು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಇನ್ನೊಂದು ಚೊಂಬು ಎಲ್ಲಾದರೂ ಸಿಕ್ಕೀತೇ ಎಂದು ಮಗಳು ಕೇಳಿದಳು. ಇಸ್ತ್ರಿಯವಳು ಸೆರಗಿನಿಂದ ಮೂಗೊರೆಸಿಕೊಂಡು, ಮಕ್ಕಳಿಗೆ ಕುಡಿಯಲು ಒಂದು ಬಾಟಲಿ ಎತ್ತಿಟ್ಟು ಮಿಕ್ಕಿದ್ದನ್ನೆಲ್ಲ ತಂದಿದ್ದೇನೆ, ಇನ್ನು ನಮ್ಮನೆ ಕೊಡ ಬಗ್ಗಿಸಿದರೂ ಹನಿ ಬೀಳದು ಎಂದಳು. ಮಗಳು ಟವೆಲಿನ ಒದ್ದೆ ತುದಿಯಿಂದ ಅಪ್ಪನ ಪಾದ ಒರೆಸತೊಡಗಿದಳು. ಹಿಮ್ಮಡಿಯ ಬಿರುಕುಗಳಲ್ಲಿ ವಾಲ್ವ್ ಗುಂಡಿಯ ಕೆಂಪು ತುಕ್ಕು ಕೂತಿತ್ತು. ಬದುಕಿದ್ದಾಗ ಎಷ್ಟು ಉಜ್ಜಿದರೂ ಹೋಗದ್ದು ಈಗ ಹೋದೀತೇ, ಎಂದುಕೊಂಡೇ ಉಜ್ಜಿದಳು.

ಆಗ ಹಿತ್ತಿಲ ನಲ್ಲಿ ಒಮ್ಮೆ ಟಕ್ ಎಂದಿತು.

"ಗಾಳಿ," ಎಂದಳು ಇಸ್ತ್ರಿಯವಳು. "ಖಾಲಿ ಪೈಪಲ್ಲಿ ಗಾಳಿ ಆಡ್ತಿದೆ. ರಾತ್ರಿಯೆಲ್ಲ ಹಿಂಗೇ ಟಕ್ ಟಕ್ ಅಂತಿತ್ತು, ನೀನು ಕೇಳಿಸ್ಕೊಳ್ಳಲಿಲ್ವಾ? ಪಾಪಿಗಳು. ಸಾಯೋ ಮುದುಕನಿಗೂ ನೀರಿಲ್ಲದಂಗೆ ಮಾಡಿದ್ರಲ್ಲ."

ಪಾಪಿಗಳು ಎಂದರೆ ಯಾರೆಂದು ಯಾರೂ ಕೇಳಲಿಲ್ಲ. ನದಿಯ ಆಚೆಯವರು. ಊರಿನ ನೀರೆಲ್ಲ ಬರುತ್ತಿದ್ದುದು ಆಚೆ ದಂಡೆಯ ಗುಡ್ಡದ ಟ್ಯಾಂಕಿನಿಂದ, ಸೇತುವೆಯ ಹೊಟ್ಟೆಗೆ ಬಿಗಿದ ಹಳೆಯ ಕಬ್ಬಿಣದ ಪೈಪಿನಲ್ಲಿ. ಆಚೆ ಈಗ ಬೇರೆ ದೇಶ. ನಿನ್ನೆ ಬೆಳಿಗ್ಗೆ ಊರಿನ ನಲ್ಲಿಗಳೆಲ್ಲ ಒಣಗಿದವು, ನಿನ್ನೆ ಸಂಜೆ ನೀರಜ್ಜ ಕಣ್ಣು ಮುಚ್ಚಿದ. ಅವನು ಹಾಸಿಗೆ ಹಿಡಿದ ಮೇಲೆ ನಗರಸಭೆ ಕಳಿಸಿದ ಹೊಸ ವಾಲ್ವ್‌ನವನು ಗುಂಡಿಗಿಳಿದು ಚಕ್ರವನ್ನು ಪೂರ್ತಿ ತಿರುಗಿಸಿ ತೆರೆದಿಟ್ಟಿದ್ದ. ಒಂದು ತೊಟ್ಟೂ ಬರಲಿಲ್ಲ. ಇನ್ನೇನು ಬೇಕು, ಆಚೆಯವರು ಮೇಲೆ ಮುಚ್ಚಿದ್ದಾರೆ ಎಂಬುದು ಊರಿಗೆಲ್ಲ ಖಾತ್ರಿಯಾಯಿತು. ಇವತ್ತು ಹೊತ್ತು ಮುಳುಗುವುದರೊಳಗೆ ನೀರು ಬಿಡದಿದ್ದರೆ ನಮ್ಮ ಸೈನ್ಯವೇ ಸೇತುವೆ ದಾಟಿ ಬಿಡಿಸಿಕೊಳ್ಳುತ್ತದೆ ಎಂದು ಬೆಳಿಗ್ಗೆಯಿಂದ ರೇಡಿಯೋ ಬಡಿದುಕೊಳ್ಳುತ್ತಿತ್ತು. ತಿರುಪು ಸ್ವಲ್ಪ ತಿರುಗಿಸಿದರೆ ಆಚೆಯ ರೇಡಿಯೋ ಸಿಗುತ್ತಿತ್ತು, ಅದೇ ಭಾಷೆಯಲ್ಲಿ. ಈಚೆಯವರು ನಮ್ಮ ನೀರೇ ಬೇಡವೆಂದು ಕೇಳುವುದನ್ನು ನಿಲ್ಲಿಸಿದ್ದಾರೆ, ಇದು ಯುದ್ಧದ ತಯಾರಿಯಲ್ಲದೆ ಮತ್ತೇನು ಎಂದು ಅದು ಕೇಳುತ್ತಿತ್ತು.

ಮಗಳು ಅಪ್ಪನ ಬಲಗೈ ಎತ್ತಿ ಒರೆಸಿದಳು. ಬೆರಳ ಗೆಣ್ಣುಗಳು ಕೆಂಪಗೆ ತರಚಿದ್ದವು. ಕೊನೆಯ ಎರಡು ದಿನ ಜ್ವರದಲ್ಲಿ ಅವನು ಮಾತಾಡಲಾರದೆ ಮಂಚದ ಪಟ್ಟಿಯನ್ನು ಬಡಿಯುತ್ತಲೇ ಇದ್ದ. ಸನ್ನಿ ಹಿಡಿದಿದೆ ಎಂದುಕೊಂಡು ಅವಳು ಆ ಕೈಯನ್ನು ಮತ್ತೆ ಮತ್ತೆ ಹಿಡಿದು ಹೊದಿಕೆಯೊಳಗೆ ಸೇರಿಸಿದ್ದಳು.

*

ಅವಳು ಲಂಗ ಹಾಕುತ್ತಿದ್ದ ಕಾಲಕ್ಕೂ ಆಚೆಯದು ಬೇರೆ ದೇಶವೇ. ಒಂದಾಗಿದ್ದದ್ದು ಎರಡಾಗಿ ಆಗಲೇ ಒಂದಿಷ್ಟು ವರ್ಷ ಆಗಿತ್ತು. ಬ್ಯಾಂಡು ಬಾರಿಸಿ, ಕೈ ಕುಲುಕಿ, ನಗುನಗುತ್ತಲೇ ಪಾಲಾಗಿದ್ದರಂತೆ. ಪಾಲಿನಲ್ಲಿ ಟ್ಯಾಂಕು ಆಚೆಗೆ ಹೋಯಿತು, ನಲ್ಲಿಗಳು ಈಚೆಗೆ ಉಳಿದವು. ಅಣ್ಣತಮ್ಮಂದಿರು ಬೇರೆಯಾದ ಮೇಲೂ ಬಾವಿ ಒಂದೇ ಇರುತ್ತದಲ್ಲ, ಹಾಗೆ. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಜನ ತರಕಾರಿಗೆ ಸೇತುವೆ ದಾಟುತ್ತಿದ್ದರು, ಸಿನಿಮಾಕ್ಕೆ ದಾಟುತ್ತಿದ್ದರು, ಹೆಣ್ಣು ನೋಡಲು ದಾಟುತ್ತಿದ್ದರು.

ಅಪ್ಪ ಬೆಳಿಗ್ಗೆ ಎದ್ದವನೇ ತೋಳುದ್ದದ ಕಬ್ಬಿಣದ ಚಾವಿ ಹೆಗಲಿಗಿಟ್ಟು ಹೊರಡುವನು. ವಾಲ್ವ್ ಗುಂಡಿ ಮನೆಯಿಂದ ಒಂದು ಕೂಗಿನ ದೂರ. ಹಟ ಮಾಡಿದರೆ ಅವಳನ್ನೂ ಕರೆದೊಯ್ದು ಗುಂಡಿಯ ಅಂಚಿನಲ್ಲಿ ಕೂರಿಸುವನು. ಚಕ್ರ ತಿರುಗಿಸಿ ವಾಲ್ವ್ ತೆರೆದು, ಚಾವಿಯಿಂದ ಪೈಪಿಗೆ ಮೂರು ಬಾರಿ ಬಡಿಯುವನು. ಗುಡ್ಡದ ಮೇಲಿನ ಟ್ಯಾಂಕಿನವನಿಗೆ ಅದು ಕೇಳಿಸುತ್ತಿತ್ತು. ಅವನೂ ಮೂರು ಬಡಿದು ನೀರು ಬಿಡುವನು. ಊರಿನ ಟ್ಯಾಂಕು ತುಂಬುವ ಹೊತ್ತಿಗೆ ಮೇಲಿನಿಂದ ಎರಡು ಪೆಟ್ಟು: ಸಾಕಾ? ಅಪ್ಪನದೂ ಎರಡು: ಸಾಕು.

ಅವನೇ ಯಾಕೆ ಬಿಡಬಾರದು, ಕೇಳಲೇಬೇಕಾ ಎಂದು ಅವಳು ಒಮ್ಮೆ ಕೇಳಿದ್ದಳು. ಕೆಳಗೆ ವಾಲ್ವ್ ಮುಚ್ಚಿರುವಾಗ ಮೇಲಿನಿಂದ ಬಿಟ್ಟರೆ ಸೇತುವೆಯ ಕೆಳಗಿನ ಹಳೇ ಕೀಲು ಸಿಡಿದುಹೋಗುತ್ತದೆ ಎಂದ ಅಪ್ಪ. ಹಾಗೆ ಒಮ್ಮೆ ಆಗಿ, ಕೆಳಗೆ ದೋಣಿಯಲ್ಲಿದ್ದವನೊಬ್ಬ ಸತ್ತೇಹೋಗಿದ್ದ. ಅಂದಿನಿಂದ ಇಬ್ಬರಿಗೂ ಆಣೆ: ಕೆಳಗಿನವನು ಕೇಳದೆ ಮೇಲಿನವನು ಬಿಡುವಂತಿಲ್ಲ. ಗುಂಡಿಯ ಪಕ್ಕ ಇದಕ್ಕೆಂದೇ ಒಂದು ಟೆಲಿಫೋನೂ ಇತ್ತು, ಆಫೀಸಿನ ನಿಯಮದಲ್ಲಿ ಇದ್ದದ್ದು ಅದೇ. ಹಲೋ ಹಲೋ ಎಂದು ಅರಚುವಷ್ಟರಲ್ಲಿ ಅರ್ಧ ಊರಿಗೆ ನೀರು ಬಿಟ್ಟಾಗಿರುತ್ತದೆ ಎಂದು ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ.

ಅಪ್ಪನ ಬಾಯಲ್ಲಿ ಅವನ ಹೆಸರೇ ಮೇಲಿನವನು. ನೀರು ಯಾವಾಗ ಬರುತ್ತೆ ನೀರಜ್ಜ ಎಂದು ಯಾರಾದರೂ ಕೇಳಿದರೆ, "ಮೇಲಿನವನು ಬಿಟ್ಟಾಗ," ಎನ್ನುವನು. ಎಂಥ ದೈವಭಕ್ತ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಆ ಮೇಲಿನವನಾದರೋ ವಾರಕ್ಕೊಮ್ಮೆ ಸೇತುವೆ ದಾಟಿ ಬಂದು, ಇವರ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಸಣಕಲ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೋ ಮಾರಾಯ ಎಂದು ಅಮ್ಮ ರೇಗಿಸುತ್ತಿದ್ದಳು. ಅವನು ನೀರಜ್ಜನ ಮಗಳಿಗೆ ಒಂದೇ ಪೆಟ್ಟಿನ ಭಾಷೆ ಕಲಿಸಿದ್ದ. ಈ ಮನೆಯ ಹಿತ್ತಿಲ ನಲ್ಲಿ ಊರಿನ ಟ್ಯಾಂಕಿಗೆ ಹೋಗದೆ ನೇರವಾಗಿ ದೊಡ್ಡ ಪೈಪಿನಿಂದಲೇ ಬಂದದ್ದು. ಮೇಲೆ ಬಡಿದದ್ದು ಇಲ್ಲಿಗೆ ಕೇಳುತ್ತಿತ್ತು.

"ನಾನು ಒಂದೇ ಒಂದು ಸಲ ಬಡಿದ್ರೆ, ಇದ್ದೀಯಾ ಪುಟ್ಟಿ ಅಂತ ಅರ್ಥ," ಎಂದಿದ್ದ. "ನೀನೂ ಒಂದು ಬಡಿ. ಇದ್ದೀನಿ ಅಂತ."

*

ಶವದ ಪೆಟ್ಟಿಗೆ ಬಂತು. ಅದರ ಬೆನ್ನಿಗೇ ನಗರಸಭೆಯ ಅಧ್ಯಕ್ಷರೂ ಬಂದರು. ಅವರು ಈ ಬೀದಿಗೆ ಕಾಲಿಟ್ಟದ್ದು ಇದೇ ಮೊದಲು. ಜೊತೆಗೆ ಮೈಕು, ಫೋಟೋದವನು, ಬಂದೂಕು ಹಿಡಿದ ಇಬ್ಬರು ಸೈನಿಕರು. ನೀರು ನಿಂತ ಸುದ್ದಿ ಕೇಳಿಯೇ ನೀರಜ್ಜನ ಎದೆ ಒಡೆಯಿತು, ಶತ್ರುಗಳು ತೆಗೆದ ಮೊದಲ ಜೀವ ಇದು ಎಂದು ಅಧ್ಯಕ್ಷರು ಅಂಗಳದಲ್ಲಿ ನಿಂತವರಿಗೆ ವಿವರಿಸುತ್ತಿದ್ದರು. ಕೇಳುತ್ತಿದ್ದವರೆಲ್ಲ ಗೋಣು ಹಾಕಿದರು. ಜ್ವರ ಬಂದು ಸತ್ತ ಮುದುಕ ಕಣ್ಣೆದುರೇ ಹುತಾತ್ಮನಾದ.

ಅಣ್ಣ ನಗರಸಭೆಯಲ್ಲಿ ಗುಮಾಸ್ತ. ಅಳುವುದಕ್ಕೂ ಪುರುಸೊತ್ತಿಲ್ಲದೆ ಕುರ್ಚಿ ಹೊತ್ತು, ಅಧ್ಯಕ್ಷರಿಗೆ ಜಾಗ ಮಾಡಿ ಓಡಾಡುತ್ತಿದ್ದ. ಒಳಗೆ ಬಂದು ತಂಗಿಯ ಕೈಗೆ ಒಂದು ಮಡಿಸಿದ ಬಟ್ಟೆ ಕೊಟ್ಟ. ದೇಶದ ಬಾವುಟ. ಅಪ್ಪನಿಗೆ ಹೊದಿಸುತ್ತಾರಂತೆ, ಆಫೀಸಿನಲ್ಲಿ ಸಿಕ್ಕಿದ್ದು ಇದೊಂದೇ, ಅಂಚು ಬಿಚ್ಚಿದೆ, ಒಂದು ಹೊಲಿಗೆ ಹಾಕಿಕೊಡು ಎಂದ.

ಅವಳು ಟೈಲರು. ಗಂಡ ತೀರಿಕೊಂಡು ತವರಿಗೆ ಮರಳಿದ ಮೇಲೆ ಮುಂದಿನ ಕೋಣೆಯ ಹೊಲಿಗೆ ಯಂತ್ರವೇ ಅವಳ ಬದುಕು. ಅಪ್ಪ ಹೊರಗೆ ಮಲಗಿರುವಾಗ ಅವಳು ಯಂತ್ರದ ಮುಂದೆ ಕೂತು ಬಾವುಟದ ಅಂಚು ಮಡಿಸಿ ಹೊಲಿದಳು. ಮೂಲೆಗೆ ಬಂದು ಬಟ್ಟೆ ತಿರುಗಿಸಲು ಕಾಲು ನಿಲ್ಲಿಸಿದಳು. ಯಂತ್ರದ ಸದ್ದು ನಿಂತಿತು. ಹಿತ್ತಿಲಿನಿಂದ ಮತ್ತೆ ಟಕ್.

ಒಂದೇ ಒಂದು.

ಅವಳು ಬಾವುಟದಿಂದ ಕೈ ತೆಗೆದಳು. ಗಾಳಿಯಲ್ಲ ಅದು. ಇದ್ದೀಯಾ ಎಂದು ಕೇಳುತ್ತಿದ್ದಾನೆ. ನಿನ್ನೆಯಿಂದ, ರಾತ್ರಿಯೆಲ್ಲ, ಮೇಲಿನವನು ಕೇಳುತ್ತಲೇ ಇದ್ದಾನೆ. ಅಪ್ಪ ಮಂಚದ ಪಟ್ಟಿಗೆ ಬಡಿದದ್ದು ಮೂರು ಪೆಟ್ಟು. ಮೂರು ಬಡಿದು ನಿಲ್ಲಿಸುತ್ತಿದ್ದ, ಮತ್ತೆ ಮೂರು. ಅವಳೇ ಆ ಕೈಯನ್ನು ಹೊದಿಕೆಯೊಳಗೆ ಹಿಡಿದಿಟ್ಟಿದ್ದಳು. ದಿನಾ ಬೆಳಿಗ್ಗೆ ಕೇಳಿ ಕೇಳಿ ಕಿವಿಗೇ ಬೀಳದಂತಾಗಿದ್ದ ಸದ್ದು ಅದು, ನಿಂತಾಗಲೂ ನಿಂತದ್ದು ಗೊತ್ತಾಗಿರಲಿಲ್ಲ.

ಅಣ್ಣನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಣ್ಣ, ನೀರು ಅವರು ನಿಲ್ಲಿಸಿಲ್ಲ. ನಾವು ಕೇಳಿಲ್ಲ. ಅಪ್ಪ ಮಲಗಿದ ಮೇಲೆ ಯಾರು ಬಡಿದಿದ್ದಾರೆ ಹೇಳು. ಬಡಿಯದೆ ಅವನು ಬಿಡಲ್ಲ, ನಿನಗೂ ಗೊತ್ತು."

ಅಣ್ಣ ಬಾಗಿಲು ಮುಂದೆ ಮಾಡಿದ. ಅವನಿಗೂ ಗೊತ್ತಿತ್ತು; ಅವನ ಮುಖವೇ ಹೇಳಿತು. ನಿನ್ನೆಯೇ ಹೊಳೆದಿರಬೇಕು.

"ಮೆತ್ತಗೆ ಮಾತಾಡು. ಯಾರಿಗೆ ಅಂತ ಹೇಳಲಿ? ಏನಂತ ಹೇಳಲಿ? ನಮ್ಮಪ್ಪ ಇಷ್ಟು ವರ್ಷ ದಿನಾ ಬೆಳಿಗ್ಗೆ ಆಚೆಯವನ ಹತ್ರ ಮಾತಾಡ್ತಿದ್ದ ಅಂತಲಾ? ಪಾರಿವಾಳದವನು ಏನಾದ ಅಂತ ನೋಡಿದೀಯಲ್ಲ. ಇವತ್ತು ಅಪ್ಪನ್ನ ಹೊತ್ಕೊಂಡು ಹೋಗೋರೇ ನಾಳೆ ಅಗೆದು ಹೊರಗೆ ಹಾಕ್ತಾರೆ."

"ಹೊತ್ತು ಮುಳುಗಿದ್ರೆ ಸೇತುವೆ ದಾಟ್ತಾರೆ. ನೀರು ಬಂದ್ರೆ ನಿಲ್ಲಬಹುದು."

ಅಣ್ಣ ಒಲೆಯ ಕಡೆ ನೋಡಿದ. ಒಲೆಯ ಮೇಲೆ ಏನೂ ಇರಲಿಲ್ಲ. "ಅವರಿಗೆ ಬೇಕಾಗಿರೋದು ನೀರಲ್ಲ ಕಣೇ," ಎಂದ, ಮೊದಲಿಗಿಂತ ಮೆತ್ತಗೆ. ಹೊರಗೆ ಅಧ್ಯಕ್ಷರು ಅವನನ್ನು ಕರೆದರು. ಕಣ್ಣೊರೆಸಿಕೊಂಡು ಹೋದ.

ಅವಳು ಗೇಟಿನ ಹತ್ತಿರ ನಿಂತಿದ್ದ ಹೊಸ ವಾಲ್ವ್‌ನವನನ್ನು ಗುಂಡಿಯ ಬಗ್ಗೆ ಕೇಳಿದಳು. ಪಾಪದವನು, ತನ್ನಿಂದಲೇ ಏನೋ ತಪ್ಪಾಗಿದೆ ಎಂಬಂತೆ ಕೈ ಹಿಸುಕಿಕೊಳ್ಳುತ್ತಿದ್ದ. ಗುಂಡಿಯ ಸುತ್ತ ಸೈನ್ಯ ಕೂತಿದೆ ಅಕ್ಕ, ಹತ್ತಿರ ಹೋದರೆ ಗುಂಡು ಹೊಡೆಯುತ್ತೇವೆ ಎಂದಿದ್ದಾರೆ, ನಾನು ತೆರೆದದ್ದು ತೆರೆದ ಹಾಗೇ ಇದೆ, ದೇವರಾಣೆಗೂ ಸರಿಯಾಗೇ ತೆರೆದಿದ್ದೇನೆ ಎಂದ. ತೆರೆದಿದೆ ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ಇನ್ನು ಉಳಿದದ್ದು ಹಿತ್ತಿಲ ನಲ್ಲಿ.

*

ಎರಡು ದೇಶಗಳ ಮನಸ್ಸು ಬೇರೆಯಾದದ್ದು ಒಂದು ದಿನದಲ್ಲಲ್ಲ. ಮೊದಲು ಸೇತುವೆಗೆ ಒಂದು ಅಡ್ಡಕಂಬ ಬಂತು, ಲಾರಿಗಳ ತೆರಿಗೆಗೆ ಅಷ್ಟೇ ಎಂದರು. ಆಮೇಲೆ ದಾಟಲು ಚೀಟಿ. ಆಮೇಲೆ ಆಚೆ ನೆಂಟರಿದ್ದವರಿಗೆ ಮಾತ್ರ ಚೀಟಿ. ಆಮೇಲೆ ನೆಂಟರಿದ್ದವರ ಮೇಲೇ ಅನುಮಾನ. ನದಿಯ ನಡುವಿನ ಒಂದು ಮರಳು ದಿಬ್ಬಕ್ಕಾಗಿ ಎರಡು ಕಡೆಯ ಪತ್ರಿಕೆಗಳೂ ಕೆಸರೆರಚಾಡಿದವು. ಬೇಸಿಗೆಯಲ್ಲಿ ತೇಲಿ ಮಳೆಗಾಲದಲ್ಲಿ ಮುಳುಗುವ ದಿಬ್ಬ ಅದು. ಅಲ್ಲಿ ನಾಯಿಯೂ ಮಲಗುತ್ತಿರಲಿಲ್ಲ. ಆಚೆಯವರು ಎಂದರೆ ಹಿಂದೆ ಬೀಗರು ಎಂದಂತೆ ಕೇಳುತ್ತಿತ್ತು, ಈಗ ಅದೇ ಮಾತನ್ನು ಜನ ಉಗುಳುವಂತೆ ಆಡತೊಡಗಿದರು. ಅಮ್ಮ ಸತ್ತಾಗ ಮೇಲಿನವನು ಬರಲಾಗಲಿಲ್ಲ. ಸೇತುವೆಯ ಆ ತುದಿಯಲ್ಲಿ ಬಂದು ನಿಂತಿದ್ದನೆಂದು ಯಾರೋ ಹೇಳಿದರು.

ಬೀದಿಯ ಕೊನೆಯಲ್ಲಿ ಪಾರಿವಾಳ ಸಾಕಿದ್ದ ಒಬ್ಬನಿದ್ದ. ಅವನ ಹಕ್ಕಿಗಳು ಆಚೆ ಹಾರಿ ಕಾಳು ತಿಂದು ಬರುತ್ತಿದ್ದವು. ಸುದ್ದಿ ಸಾಗಿಸುತ್ತಾನೆ ಎಂದು ಅವನನ್ನು ಒಯ್ದರು. ತಿಂಗಳ ಮೇಲೆ ವಾಪಸು ಬಂದ, ಆದರೆ ಮಾತು ಬರುತ್ತಿರಲಿಲ್ಲ.

ಗುಂಡಿಯ ಟೆಲಿಫೋನ್ ತಂತಿ ಕತ್ತರಿಸಿದ್ದು ಅದೇ ವರ್ಷ. ಇನ್ನು ನೀರು ಹೇಗೆ ಎಂದು ಅಪ್ಪ ಎಂಜಿನಿಯರರನ್ನು ಕೇಳಿದ. ಒಪ್ಪಂದ ಇದೆ, ತಾನಾಗೇ ಬರುತ್ತದೆ ಎಂದರು ಅವರು. ಮರುದಿನವೂ ಬಂತು, ಅದರ ಮರುದಿನವೂ ಬಂತು. ಎಂಜಿನಿಯರರಿಗೆ ತಮ್ಮ ಮಾತಿನ ಮೇಲೆ ತಮಗೇ ನಂಬಿಕೆ ಬಂತು. ಅಪ್ಪ ಬಾಯಿ ಬಿಡಲಿಲ್ಲ.

"ಗೊತ್ತಾದ್ರೆ ನಿಲ್ಲಿಸ್ತಾರೆ," ಎಂದಿದ್ದ ಅವಳ ಹತ್ತಿರ ಒಮ್ಮೆ. "ಮಾತಾಡ್ತಿದೀವಿ ಅಂತ ಗೊತ್ತಾದ್ರೆ ಸಾಕು, ನಿಲ್ಲಿಸ್ತಾರೆ."

ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು. ಮಾರನೆಯ ಬೆಳಿಗ್ಗೆ ಚಾವಿ ಹೆಗಲಿಗಿಟ್ಟು ಮತ್ತೆ ಗುಂಡಿಗೇ ಹೋದ. ಮನೇಲಿ ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ಎಲ್ಲರಿಗೂ ಹೇಳಿದ. ಮುದುಕನಿಗೆ ಗುಂಡಿಯ ಮೋಹ ಬಿಡದು ಎಂದು ಊರು ನಕ್ಕಿತು. ಯಾರಿಗಾದರೂ ಕಲಿಸಿ ಹೋಗೋಣವೆಂದರೆ ಕಲಿಸುವುದೇ ಅಪರಾಧವಾಗಿತ್ತು. ಹೀಗೆ ಎರಡು ದೇಶಗಳ ನಡುವೆ ಕೊನೆಗೆ ಉಳಿದದ್ದು ಇಬ್ಬರು ಮುದುಕರು, ಒಂದು ಪೈಪು.

*

ಅಧ್ಯಕ್ಷರ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬಂದಿತ್ತು. ಪೆಟ್ಟಿಗೆಯ ಮೇಲೆ ಅವಳೇ ಅಂಚು ಹೊಲಿದ ಬಾವುಟ, ಬಾವುಟದ ಮೇಲೆ ಅಪ್ಪನ ವಾಲ್ವ್ ಚಾವಿ. ಬಾಗಿಲ ಹಿಂದೆ ಒರಗಿಸಿದ್ದನ್ನು ನೋಡಿ ಅಧ್ಯಕ್ಷರೇ ತರಿಸಿ ಇಡಿಸಿದ್ದರು. ಇದು ಆ ಯೋಧನ ಆಯುಧ, ಅವನ ಜೊತೆಗೇ ಮಣ್ಣಿಗೆ ಹೋಗಲಿ ಎಂದರು. ಜನ ಚಪ್ಪಾಳೆ ತಟ್ಟಿದರು.

ಮಗಳು ಹಿತ್ತಿಲಿಗೆ ಹೋಗಿ ಸೌಟಿನಿಂದ ನಲ್ಲಿಗೆ ಬಡಿದು ನೋಡಿದ್ದಳು. ತಗಡು ಬಡಿದಂತೆ ಕೇಳಿತು, ಮನೆಯ ಗೋಡೆಯನ್ನೂ ದಾಟುವಂತಿರಲಿಲ್ಲ. ಅಷ್ಟರಲ್ಲಿ ಗೇಟಿನ ಸೈನಿಕನೊಬ್ಬ ಹಿತ್ತಿಲಿಗೆ ಬಂದ. ಅವಳು ಸೌಟನ್ನು ಬಕೆಟ್ಟಿನೊಳಗೆ ಬಿಟ್ಟು, ಚಪ್ಪಡಿ ಒರೆಸುವವಳಂತೆ ಕೂತಳು. ಆ ಚಾವಿಯೇ ಬೇಕು, ಅದು ಬಾವುಟದ ಮೇಲಿದೆ, ಇನ್ನು ಸ್ವಲ್ಪ ಹೊತ್ತಿಗೆ ಅಪ್ಪನ ಜೊತೆ ಮಣ್ಣಿಗೆ ಹೋಗುತ್ತದೆ. ಹೊತ್ತು ಇಳಿಯುತ್ತಿತ್ತು. ಎದೆಯಲ್ಲಿ ಅಳು ಒತ್ತಿ ಬಂದರೆ ಅದು ಅಪ್ಪನಿಗೋ ಚಾವಿಗೋ ಎಂದು ಅವಳಿಗೇ ತಿಳಿಯಲಿಲ್ಲ.

ಕೊನೆಗೂ ಪೆಟ್ಟಿಗೆಗೆ ಹೆಗಲು ಕೊಡಲು ಆರು ಜನ ಬಗ್ಗಿದರು. ಅವಳು ನುಗ್ಗಿ ಮುಂದೆ ಬಂದಳು.

"ಆ ಚಾವಿ ಮನೇಲಿರಲಿ," ಎಂದಳು. "ಅಪ್ಪನ ನೆನಪಿಗೆ ನನಗೆ ಇನ್ನೇನೂ ಇಲ್ಲ."

ಅಧ್ಯಕ್ಷರು ಫೋಟೋದವನ ಕಡೆ ನೋಡಿದರು. ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಣ್ಣ ಅವಳನ್ನೇ ದಿಟ್ಟಿಸಿ ನೋಡಿದ. ಯಾಕೆ ಕೇಳುತ್ತಿದ್ದಾಳೆಂದು ಆ ಗುಂಪಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಹೆಗಲು ತಪ್ಪಿಸಿ, ಬಾವುಟದ ಮೇಲಿಂದ ಚಾವಿ ಎತ್ತಿದ.

"ತಂಗಿ ಹತ್ರ ಇರಲಿ ಸಾರ್," ಎಂದು ಅದನ್ನು ಅವಳ ಎರಡು ಕೈಯ ಮೇಲಿಟ್ಟ.

ತಲೆ ಸುತ್ತುತ್ತಿದೆ, ನಾನು ಬರಲಾರೆ ಎಂದು ಅವಳು ಬಾಗಿಲಲ್ಲೇ ಕುಸಿದಳು. ಹೆತ್ತಪ್ಪನಿಗೆ ಒಂದು ಹಿಡಿ ಮಣ್ಣು ಹಾಕಲೂ ಬರದಿದ್ದರೆ ಹೇಗೆ ಎಂದು ಹೆಂಗಸರು ಪಿಸುಗುಟ್ಟಿದರು. ಇಸ್ತ್ರಿಯವಳು ಜೊತೆಗಿರುತ್ತೇನೆಂದು ಕೂತಳು. ನೀನು ಹೋಗು, ನನ್ನ ಪರವಾಗಿ ನೀನೇ ಹಾಕು ಎಂದು ಮಗಳು ಅವಳನ್ನೂ ಎಬ್ಬಿಸಿ ಕಳಿಸಿದಳು. ಗೇಟಿನ ಸೈನಿಕರೂ ಸೇರಿ ಊರಿಗೆ ಊರೇ ಪೆಟ್ಟಿಗೆಯ ಹಿಂದೆ ನಡೆಯಿತು. ಬೀದಿಯ ತಿರುವಿನಲ್ಲಿ ಬಾವುಟ ಕಣ್ಮರೆಯಾಗುವವರೆಗೆ ಅವಳು ನೋಡಿದಳು. ಅಪ್ಪನನ್ನು ಅವಳು ಕೊನೆಯ ಸಲ ಕಂಡದ್ದು ಅಷ್ಟೇ.

*

ಚಾವಿಯ ಒಂದು ತುದಿ ಬಡಿದು ಬಡಿದು ಚಪ್ಪಟೆಯಾಗಿತ್ತು. ಅವಳು ನಲ್ಲಿಯ ಬುಡಕ್ಕೆ, ಪೈಪು ನೆಲದಿಂದ ಮೇಲೆ ಬರುವ ಜಾಗಕ್ಕೆ, ಮೂರು ಪೆಟ್ಟು ಕೊಟ್ಟಳು. ಕಿವಿ ಒತ್ತಿ ಕೂತಳು. ಏನೂ ಇಲ್ಲ. ಮತ್ತೆ ಮೂರು. ಏನೂ ಇಲ್ಲ. ಮೇಲಿನದು ಇಲ್ಲಿಗೆ ಕೇಳುತ್ತದೆ ನಿಜ, ಇಲ್ಲಿನದು ಮೇಲಕ್ಕೆ ಕೇಳೀತೆಂದು ಯಾರು ಕಂಡಿದ್ದರು. ಚಿಕ್ಕವಳಿದ್ದಾಗ ಬಡಿದದ್ದಕ್ಕೆಲ್ಲ ಅವನು ಉತ್ತರ ಕೊಟ್ಟಿದ್ದನೋ, ಇಲ್ಲಾ ಮಗುವಿನ ಮನಸ್ಸು ನೋಯಿಸಬಾರದೆಂದು ಅಪ್ಪನೇ ಗುಂಡಿಯಿಂದ ಬಡಿಯುತ್ತಿದ್ದನೋ.

ಆಮೇಲೆ ಹೊಳೆಯಿತು. ಅವನು ಕೇಳುತ್ತಿರುವುದು ನೀರಿನ ಮಾತಲ್ಲ. ಅವಳು ಚಾವಿಯನ್ನು ಎರಡು ಕೈಯಲ್ಲಿ ಹಿಡಿದು, ಮೈಯ ಶಕ್ತಿಯೆಲ್ಲ ಹಾಕಿ, ಒಂದೇ ಒಂದು ಪೆಟ್ಟು ಕೊಟ್ಟಳು. ಇದ್ದೀನಿ.

ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪೈಪಿನೊಳಗೆ ಟಕಟಕಟಕ ಎಂದು ಒಂದೇ ಸಮನೆ ಸದ್ದು ಬಂತು. ಅದು ಯಾವ ಲೆಕ್ಕದ ಭಾಷೆಯೂ ಅಲ್ಲ. ಮುದುಕನೊಬ್ಬನಿಗೆ ಸಂತೋಷ ತಡೆಯಲಾಗದೆ ಬಡಿದದ್ದು, ಅಷ್ಟೇ. ಅಪ್ಪನೇ ಎಂದುಕೊಂಡಿದ್ದಾನೆ, ಎಂದು ಅವಳಿಗೆ ಗೊತ್ತಾಯಿತು. ಕಣ್ಣೀರು ತಡೆಯದೆ ಹರಿಯಿತು. ಅಳುತ್ತಲೇ ಮೂರು ಬಡಿದಳು. ಮೂರು ಉತ್ತರ ಬಂತು.

ನಲ್ಲಿ ಮೊದಲು ಉಸಿರು ಬಿಟ್ಟಿತು, ಕೆಮ್ಮಿತು, ಕೆಂಪು ನೀರು ಕಾರಿತು. ಆಮೇಲೆ ತಿಳಿನೀರು ಧೋ ಎಂದು ಬಕೆಟ್ಟಿಗೆ ಬಿತ್ತು. ಅಪ್ಪ ಮಲಗಿದ್ದ ಚಪ್ಪಡಿಯ ಮೇಲೆಲ್ಲ ಹರಿಯಿತು. ಅವಳು ಸಿಕ್ಕ ಕೊಡ ತುಂಬಿಸಿ, ಸೊಂಟಕ್ಕೇರಿಸಿ, ಬೀದಿಗೆ ಓಡಿದಳು. ಸ್ಮಶಾನದವರೆಗೆ ಓಡಬೇಕು, ಅಧ್ಯಕ್ಷರ ಮುಂದೆ ಈ ಕೊಡ ಇಡಬೇಕು, ನೀರು ಬಂದಿದೆ ನೋಡಿ ಎನ್ನಬೇಕು. ಹೇಗೆ ಬಂತೆಂದು ಹೇಳಬೇಕಾಗಿಯೂ ಇಲ್ಲ.

ಬೀದಿಯ ತುದಿಗೆ ಬಂದಾಗ ಸೈನ್ಯದ ಲಾರಿಗಳು ಸಾಲಾಗಿ ಸೇತುವೆಯ ಕಡೆ ಹೊರಟಿದ್ದವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಮೈಕಿನ ಜೀಪೊಂದು, ಸ್ಮಶಾನಕ್ಕೆ ಹೋದವರು ಯಾರೂ ಮನೆಗೆ ಮರಳಬೇಡಿ, ಊರು ಖಾಲಿ ಮಾಡಿಸುತ್ತಿದ್ದೇವೆ, ಅಲ್ಲಿಂದಲೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಎಂದು ಕೂಗುತ್ತ ಆ ಕಡೆ ಹೋಯಿತು. ಅವಳು ಕೊಡ ಹೊತ್ತೇ ರಸ್ತೆಯ ನಡುವೆ ನಿಂತಳು. ಲಾರಿಯೊಂದು ಗಕ್ಕನೆ ನಿಂತಿತು.

"ನೀರು ಬಂದಿದೆ," ಎಂದಳು ಏದುಸಿರಿನಲ್ಲಿ. "ನೋಡಿ. ಬಿಟ್ಟಿದ್ದಾರೆ. ನೀವು ಹೋಗೋದು ಬೇಡ."

ಹಿಂದೆ ಕೂತಿದ್ದ ಸೈನಿಕನೊಬ್ಬ ಕೆಳಗಿಳಿದ. ಎಳೆಯ ಮುಖ. ಕೊಡಕ್ಕೆ ಬೊಗಸೆ ಒಡ್ಡಿದ. ಅವಳು ಬಗ್ಗಿಸಿದಳು. ಬೆಳಿಗ್ಗೆಯಿಂದ ಬಾಯಿ ಒಣಗಿದ್ದವನು ಗಟಗಟನೆ ಕುಡಿದು, ಮುಖಕ್ಕೂ ಚಿಮುಕಿಸಿಕೊಂಡ. ಇನ್ನಿಬ್ಬರು ಇಳಿದು ಬಂದು ಕುಡಿದರು.

"ಬರದೆ ಏನು ಮಾಡುತ್ತೆ ಅಕ್ಕ," ಎಂದ ಅವನು ಬಾಯೊರೆಸಿಕೊಳ್ಳುತ್ತ. "ನಾವು ಹೊರಟಿದ್ದು ಗೊತ್ತಾಗಿ ಹೆದರಿ ಬಿಟ್ಟಿದ್ದಾರೆ. ನೀವೇನೂ ಯೋಚನೆ ಮಾಡಬೇಡಿ, ಇನ್ಮೇಲೆ ದಿನಾ ಬರುತ್ತೆ." ಅವಳನ್ನು ಮೆಲ್ಲಗೆ ತೋಳು ಹಿಡಿದು ರಸ್ತೆಯ ಅಂಚಿಗೆ ನಿಲ್ಲಿಸಿ, ಲಾರಿ ಹತ್ತಿದ.

ಅವಳು ಏನೋ ಹೇಳಲು ಹೋದಳು. ಲಾರಿಗಳು ಒಂದರ ಹಿಂದೊಂದು ಹೋದವು. ಖಾಲಿ ಕೊಡ ಹಿಡಿದು ಬೀದಿಯಲ್ಲಿ ಹಿಂತಿರುಗುವಾಗ ಎರಡು ಬದಿಯ ಮನೆಗಳಿಂದಲೂ ನೀರಿನ ಸದ್ದು ಕೇಳತೊಡಗಿತು. ನಿನ್ನೆಯಿಂದ ತಿರುಗಿಸಿ ನೋಡಿ ಹಾಗೇ ತೆರೆದಿಟ್ಟು ಹೋದ ನಲ್ಲಿಗಳು. ಇಸ್ತ್ರಿಯವಳ ಮನೆಯ ಹೊಸ್ತಿಲು ದಾಟಿ ನೀರು ಬೀದಿಗೆ ಬರುತ್ತಿತ್ತು. ನೋಡಲು ಯಾರೂ ಇರಲಿಲ್ಲ. ಇನ್ನು ಎಷ್ಟು ವರ್ಷ ಕಳೆದರೂ ಈ ಊರಿನವರು, ಅವತ್ತು ಆಚೆಯವರು ನೀರು ನಿಲ್ಲಿಸಿದ್ದರು ಎಂದೇ ಹೇಳುತ್ತಾರೆ.

ಹಿತ್ತಿಲಲ್ಲಿ ಬಕೆಟ್ಟು ತುಂಬಿ ಹರಿಯುತ್ತಿತ್ತು. ಅವಳು ನಲ್ಲಿ ತಿರುಗಿಸಿ ಮುಚ್ಚಿದಳು. ಆಗ ಒಳಗಿನಿಂದ ಎರಡು ಪೆಟ್ಟು ಕೇಳಿತು. ಸಾಕಾ? ಅದೇ ನಿಧಾನ, ಅದೇ ಮರ್ಯಾದೆ. ಅವಳು ಚಾವಿ ಎತ್ತಿಕೊಂಡಳು. ಅದನ್ನು ಇಳಿಸುವ ಮೊದಲೇ ನದಿಯ ಕಡೆಯಿಂದ ಏನೋ ಬಿರಿದಂತೆ ಸದ್ದಾಯಿತು. ಕೈಯ ಕೆಳಗೆ ನಲ್ಲಿ ಒಮ್ಮೆ ನಡುಗಿತು. ಮತ್ತೊಂದು ಸದ್ದು, ಅದರ ಮೇಲೆ ಇನ್ನೊಂದು.

ಅಣ್ಣ ಸ್ಕೂಟರನ್ನು ಅಂಗಳದಲ್ಲೇ ಕೆಡವಿ ಓಡಿ ಬಂದ. ಬಾ ಬಾ, ಎಲ್ಲರೂ ಸ್ಟೇಷನ್ನಿಗೆ ಹೋದರು, ಬಾ ಎಂದು ಅವಳ ರಟ್ಟೆ ಹಿಡಿದ. ಅವನ ಕೈಗೆ ಅಪ್ಪನಿಗೆ ಹಾಕಿದ ಮಣ್ಣು ಇನ್ನೂ ಮೆತ್ತಿತ್ತು. ತುಂಬಿದ ಬಕೆಟ್ಟನ್ನೂ ಒದ್ದೆ ಚಪ್ಪಡಿಯನ್ನೂ ನೋಡಿ ಎಳೆಯುವುದನ್ನು ನಿಲ್ಲಿಸಿದ.

ಅವಳು ನಲ್ಲಿ ತೆರೆದಳು. ಬೆರಳು ಗಾತ್ರದ ನೀರು ಬಂತು, ಆಮೇಲೆ ದಾರದಷ್ಟು, ಆಮೇಲೆ ಹನಿ. ಅವಳು ಚಾವಿಯಿಂದ ಒಂದೇ ಒಂದು ಪೆಟ್ಟು ಕೊಟ್ಟಳು. ಇದ್ದೀಯಾ?

ಪೈಪಿಗೆ ಕಿವಿ ಒತ್ತಿ ಕೂತಳು. ಅಣ್ಣ ಅವಳ ರಟ್ಟೆ ಬಿಟ್ಟ. ಮಂಡಿಯೂರಿ ಪಕ್ಕದಲ್ಲಿ ಕೂತು, ಮಣ್ಣಿನ ಕೈಯಲ್ಲೇ ನಲ್ಲಿಯ ಬುಡ ಹಿಡಿದು, ಆ ಕಡೆಯಿಂದ ಅವನೂ ಕಿವಿ ಇಟ್ಟ.